1791ರಲ್ಲಿ ಶೃಂಗೇರಿಯಲ್ಲಿ ಸತ್ತವರು

ನಮ್ಮ ಹಾಸನದ ಕಡೆ ಶೃಂಗೇರಿಗೆ ಹೋಗದವರು ಕಡಿಮೆ. ಮಕ್ಕಳ ಅಕ್ಷರಾಭ್ಯಾಸ ಇರುತ್ತದೆ, ಹರಕೆ ಇರುತ್ತದೆ, ಇಲ್ಲಾ ಸುಮ್ನೆ ರಜೆ ಬಂತು ಅಂತ ಹೊರಡುತ್ತೇವೆ. ಶಾರದೆಯ ದರ್ಶನ, ತುಂಗೆಯ ಮೀನು, ಮಠದ ಊಟ, ವಾಪಸ್ಸು. ಈ ಸಲ ನಾನು ಹೊರಟಿದ್ದು ಅಲ್ಲಿ ಯುದ್ಧದಲ್ಲಿ ಸತ್ತವರಿಗೋಸ್ಕರ.

ಇದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1790ರಿಂದ 1792ರವರೆಗೆ ಮೂರನೇ ಮೈಸೂರು ಯುದ್ಧ ನಡೆಯಿತು. ಒಂದು ಕಡೆ ಟಿಪ್ಪು. ಇನ್ನೊಂದು ಕಡೆ ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ. 1791ರಲ್ಲಿ ರಘುನಾಥರಾವ್ ಪಟವರ್ಧನನ ಮರಾಠಾ ದಂಡಿನ ಕಡೆಯವರು ಶೃಂಗೇರಿಗೆ ನುಗ್ಗಿದರು. ಈ ದಂಡಿನ ಜೊತೆ ಪಿಂಡಾರಿಗಳು ಇರುತ್ತಿದ್ದರು. ಅವರಿಗೆ ಸಂಬಳ ಅಂತ ಇರಲಿಲ್ಲ, ಲೂಟಿ ಮಾಡಿದ್ದೇ ಸಂಬಳ. ಮಠವನ್ನು ದೋಚಿದರು, ಬ್ರಾಹ್ಮಣರೂ ಸೇರಿ ಅನೇಕ ಜನರನ್ನು ಕೊಂದರು, ಗಾಯ ಮಾಡಿದರು, ಶಾರದೆಯ ವಿಗ್ರಹವನ್ನೇ ಪೀಠದಿಂದ ಕಿತ್ತರು. ಆಗ ಪೀಠದಲ್ಲಿದ್ದವರು ಮೂರನೇ ಸಚ್ಚಿದಾನಂದ ಭಾರತಿ ಸ್ವಾಮಿಗಳು. ಅವರು ಊರು ಬಿಟ್ಟು ಕಾರ್ಕಳಕ್ಕೆ ಹೋಗಬೇಕಾಯಿತು.

ಗೆಳತಿ ಕಾರು ತರುತ್ತೇನೆ ಅಂದಳು. ಅವಳ ಅಮ್ಮನೂ ಬರುತ್ತೇನೆ ಅಂದರು. ನಾನೂ ಅವರನ್ನು ಅಮ್ಮ ಅಂತಲೇ ಕರೆಯುವುದು. ಮೇಲುಕೋಟೆಯವರು, ಎಪ್ಪತ್ತು ದಾಟಿದೆ, ಆದರೆ ಮೆಟ್ಟಿಲು ಅಂದರೆ ಹೆದರುವವರಲ್ಲ.

ಶುಕ್ರವಾರ: ಶ್ರವಣಬೆಳಗೊಳ

ಶೃಂಗೇರಿಗೆ ಹೋಗಲು ಬೆಳಗೊಳ ದಾರಿಯಲ್ಲ, ಉಲ್ಟಾ ದಿಕ್ಕು. ಆದರೂ ಮೊದಲು ಅಲ್ಲಿಗೇ ಹೋಗಬೇಕು ಅಂತ ನಾನು ಹಠ ಮಾಡಿದೆ. ತೀರಿಕೊಂಡ ಮುನಿಗಳನ್ನು ಇಷ್ಟು ಶ್ರದ್ಧೆಯಿಂದ ಕಲ್ಲಿನಲ್ಲಿ ಬರೆದಿಟ್ಟ ಜಾಗ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಎಲ್ಲರೂ ಗೊಮ್ಮಟನ ದೊಡ್ಡಬೆಟ್ಟ ಹತ್ತುತ್ತಾರೆ. ನಾವು ಎದುರಿನ ಚಿಕ್ಕಬೆಟ್ಟ ಹತ್ತಿದೆವು. ಚಂದ್ರಗಿರಿ ಅಂತಲೂ ಹೇಳುತ್ತಾರೆ. ಶಾಸನಗಳಲ್ಲಿ ಅದರ ಹೆಸರು ಕಟವಪ್ರ, ಕಳ್ಬಪ್ಪು. ಮೇಲೆ ಬಸದಿಗಳ ಸಾಲು. ಆದರೆ ನಾನು ನೋಡಬೇಕು ಅಂತಿದ್ದುದು ನೆಲದಲ್ಲಿತ್ತು. ಬಂಡೆಯ ಮೇಲೇ ಅಕ್ಷರ ಕೊರೆದಿದ್ದಾರೆ. ಸವೆಯದಿರಲಿ ಅಂತ ಕೆಲವು ಕಡೆ ಕಂಬಿ ಹಾಕಿದ್ದಾರೆ. ಪಾರ್ಶ್ವನಾಥ ಬಸದಿಯ ಹತ್ತಿರದ ಒಂದು ಶಾಸನ ಸುಮಾರು ಕ್ರಿ.ಶ. 600ರದ್ದು, ಬೆಟ್ಟದಲ್ಲೇ ಹಳೆಯದು. ಪ್ರಭಾಚಂದ್ರ ಎಂಬ ಮುನಿ ಇಲ್ಲಿ ಅನ್ನ ನೀರು ಬಿಟ್ಟು ದೇಹ ತ್ಯಜಿಸಿದರು, ಆಮೇಲೆ ಕಾಲಕಾಲಕ್ಕೆ 700 ಋಷಿಗಳೂ ಹಾಗೇ ಮಾಡಿದರು ಅಂತ ಅದು ಹೇಳುತ್ತದೆ.

ಇವರನ್ನು ಯಾರೂ ಕೊಂದದ್ದಲ್ಲ. ಸಲ್ಲೇಖನ ತಾವೇ ಆರಿಸಿಕೊಂಡ ಸಾವು, ಗುರುವಿನ ಒಪ್ಪಿಗೆಯಿಂದ, ನಿಧಾನವಾಗಿ. ಹಾಗೆ ಹೋದವರ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ನಿಸಿಧಿ ಅನ್ನುತ್ತಾರೆ. ಮುನಿಗಳು, ಕಂತಿಯರು (ಜೈನ ಸನ್ಯಾಸಿನಿಯರು), ಗೃಹಸ್ಥರು, ರಾಜರು, ಎಲ್ಲರಿಗೂ ಇದೆ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ಕನೇ ಇಂದ್ರ 982ರಲ್ಲಿ ಪ್ರಾಣ ಬಿಟ್ಟಿದ್ದು ಈ ಬೆಳಗೊಳದಲ್ಲೇ. ಕನ್ನಡ ಎಂ.ಎ. ಓದಿದವರಿಗೆ ನಂದಿಸೇನ ಮುನಿಯ ಶಾಸನ ನೆನಪಿರುತ್ತದೆ. ಐಶ್ವರ್ಯ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕಂಡು ಮಾಯವಾಗುತ್ತದೆ ಅಂತ ಶುರುವಾಗುವ ಆ ಪದ್ಯ. ಯಾವುದೋ ಕವಿ ಆ ಮುನಿಗಾಗಿ ಕೂತು ವೃತ್ತ ಕಟ್ಟಿದ್ದಾನಲ್ಲ, ಅದನ್ನು ಬಂಡೆಯ ಮೇಲೆ ಕೊರೆಯಲು ಇನ್ನೊಬ್ಬ ಬಿಸಿಲಲ್ಲಿ ಕೂತಿದ್ದಾನಲ್ಲ, ಅದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಅಮ್ಮ ಒಂದೊಂದು ಕಂಬಿಯ ಹತ್ತಿರವೂ ನಿಂತು ಕೈ ಮುಗಿದರು. "ನಾವು ವೈಷ್ಣವರು ಕಣಮ್ಮ, ಆದ್ರೂ ಸತ್ತವರಿಗೆ ಮತ ಯಾವುದು?" ಅಂದರು.

ಈ ಬೆಟ್ಟದ ಶಾಸನಗಳನ್ನು ಮೊದಲು 1889ರಲ್ಲಿ ಪ್ರಕಟಿಸಿದವರು ಲೂಯಿ ರೈಸ್. ಆಮೇಲೆ ಬಹಳಷ್ಟು ಹೊಸದನ್ನು ಸೇರಿಸಿ 1923ರಲ್ಲಿ ಪರಿಷ್ಕರಿಸಿ ತಂದವರು ಆರ್. ನರಸಿಂಹಾಚಾರ್. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದವರು, ಕನ್ನಡ ಕವಿಗಳ ಚರಿತ್ರೆ ಬರೆದವರು. ಅವರ ಹೆಸರು ನೆನಪಿಟ್ಟುಕೊಳ್ಳಿ. ಶೃಂಗೇರಿಯಲ್ಲೂ ಬರುತ್ತದೆ.

ಸಂಜೆ ಹಾಸನಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದೆವು.

ಶನಿವಾರ: ಹಳೇಬೀಡು, ಚಿಕ್ಕಮಗಳೂರು, ಬಾಳೆಹೊನ್ನೂರು

ಬೆಳಿಗ್ಗೆ ಬೇಗ ಹೊರಟೆವು. ಹಳೇಬೀಡಿನಲ್ಲಿ ಇಳಿದದ್ದು ಒಂದೇ ಕಂಬ ನೋಡಲು. ಹೊಯ್ಸಳೇಶ್ವರ ದೇವಸ್ಥಾನದ ದಕ್ಷಿಣಕ್ಕೆ ಅದು ನಿಂತಿದೆ. ಜನ ಗೋಡೆಯ ಶಿಲ್ಪದ ಫೋಟೋ ತೆಗೆದುಕೊಂಡು ಇದರ ಪಕ್ಕದಲ್ಲೇ ಹೋಗಿಬಿಡುತ್ತಾರೆ. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ, ಅಂದರೆ ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಮಾತು ಕೊಟ್ಟಿದ್ದ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಕಡೆಯ ವೀರರು ಒಡೆಯನ ಜೊತೆಗೇ ಪ್ರಾಣ ಕೊಟ್ಟರು. ಆ ನೆನಪಿನ ಕಂಬ. ಹತ್ತಿರ ಹೋಗಿ ನೋಡಿದರೆ ಕತ್ತಿಯಿಂದ ತಮ್ಮ ತಲೆಯನ್ನೇ ಕೊಯ್ದುಕೊಳ್ಳುತ್ತಿರುವ ಸಣ್ಣ ಸಣ್ಣ ಮನುಷ್ಯರು ಕಾಣುತ್ತಾರೆ. ಗೆಳತಿಗೆ ನೋಡಲಾಗಲಿಲ್ಲ. "ಇದನ್ನ ಯಾಕೆ ಹೊಗಳಬೇಕೆ?" ಅಂದಳು. ಹೊಗಳಬೇಕಿಲ್ಲ. ಆದರೆ ಮಾತಿಗೆ ತಪ್ಪದೆ ಸತ್ತವರನ್ನು ಆ ಕಾಲ ಮರೆಯಲಿಲ್ಲ, ಅದನ್ನು ತೋರಿಸಬೇಕಿತ್ತು. ನಮ್ಮ ಕಡೆ ದನ ಬಿಡಿಸಲು ಹೋಗಿ ಸತ್ತ ರೈತನಿಗೂ ವೀರಗಲ್ಲು ನಿಲ್ಲಿಸಿದ್ದಾರೆ. ಬೇಲೂರು ಸುತ್ತಿನ ಹಳ್ಳಿಗಳಲ್ಲಿ ಕೆರೆ ಏರಿ ಮೇಲೆ, ಗುಡಿ ಹಿಂದೆ, ಹೊಲದ ಬದುವಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ.

ಬೇಲೂರಿನಲ್ಲಿ ನಿಲ್ಲಲಿಲ್ಲ. ಚಿಕ್ಕಮಗಳೂರಲ್ಲಿ ಊಟ ಮಾಡಿ ಆಲ್ದೂರು ದಾರಿ ಹಿಡಿದೆವು. ತೋಟಗಳಲ್ಲಿ ಅರೇಬಿಕಾ ಹಣ್ಣಾಗಿ ಕೊಯ್ಲು ಶುರುವಾಗಿತ್ತು, ಜೀಪಿನ ತುಂಬ ಆಳುಗಳು, ಚೀಲಗಳು. ಬಾಳೆಹೊನ್ನೂರಿನಲ್ಲಿ ಭದ್ರಾ ದಾಟಿದ ಮೇಲೆ ಕಾಫಿ ಕಡಿಮೆಯಾಗಿ ಅಡಿಕೆ ಜಾಸ್ತಿಯಾಯಿತು. ಮನೆ ಅಂಗಳದಲ್ಲಿ ಹಂಡೆ ಇಟ್ಟು ಅಡಿಕೆ ಬೇಯಿಸುತ್ತಿದ್ದರು. ಆ ಚೊಗರಿನ ವಾಸನೆ ಜಯಪುರದವರೆಗೂ ಬಿಡಲಿಲ್ಲ.

ಈ ದಾರಿಯಲ್ಲೇ ಅಮ್ಮ ಒಂದು ವಿಷಯ ಹೇಳಿದರು. ನನಗೆ ಅರ್ಧಂಬರ್ಧ ಗೊತ್ತಿತ್ತು, ಅವರ ಬಾಯಿಂದ ಕೇಳಿದ್ದು ಬೇರೆ.

"ನಮ್ಮಲ್ಲಿ ನರಕ ಚತುರ್ದಶಿ ದಿನ ಹಬ್ಬ ಇಲ್ಲ. ಊರೆಲ್ಲ ಪಟಾಕಿ ಹೊಡೆಯೋವಾಗ ನಮ್ಮ ಮನೇಲಿ ಎಣ್ಣೆಸ್ನಾನ ಇಲ್ಲ, ಹೊಸ ಬಟ್ಟೆ ಇಲ್ಲ. ಚಿಕ್ಕವಳಿದ್ದಾಗ ಅಳ್ತಿದ್ದೆ. ನಮ್ಮಜ್ಜಿ ಕೂರಿಸಿಕೊಂಡು ಹೇಳಿದ್ರು, ಟಿಪ್ಪು ಕಾಲದಲ್ಲಿ ಇದೇ ದಿನ ನಮ್ಮವರನ್ನ ಕೊಂದರು, ಮೈಸೂರು ರಾಣಿಯವರ ಕಡೆ ನಿಂತರು ಅಂತ. ಇವತ್ತು ನಮಗೆ ಬೆಳಕಿಲ್ಲ ಮಗಳೇ ಅಂದ್ರು."

ಮಂಡ್ಯಂ ಅಯ್ಯಂಗಾರರ, ಅಂದರೆ ಮೇಲುಕೋಟೆ ಕಡೆಯ ಶ್ರೀವೈಷ್ಣವರ ಮನೆಗಳಲ್ಲಿ ಈ ಪದ್ಧತಿ ಇವತ್ತಿಗೂ ಇದೆ. ಇನ್ನೂರು ವರ್ಷಕ್ಕೂ ಜಾಸ್ತಿ ಆಯಿತು. ಕಲ್ಲಿಲ್ಲ, ಕಂಬ ಇಲ್ಲ, ಒಂದು ಹಬ್ಬ ಬಿಟ್ಟು ನೆನಪಿಟ್ಟುಕೊಂಡಿದ್ದಾರೆ. ಅಮ್ಮ ಇದನ್ನು ಹೇಳುವಾಗ ದನಿ ಏರಿಸಲಿಲ್ಲ, ಬೈಯಲಿಲ್ಲ. ನನಗೆ ಮಾತ್ರ ಒಳಗೆ ಕಸಿವಿಸಿ ಶುರುವಾಯಿತು. ಯಾಕೆಂದರೆ ನಾಳೆ ಶೃಂಗೇರಿಯಲ್ಲಿ ನಾನು ಅವರಿಗೆ ಹೇಳಬೇಕಾಗಿದ್ದ ಕಥೆಯಲ್ಲಿ ಅದೇ ಟಿಪ್ಪು ಬೇರೆ ಜಾಗದಲ್ಲಿ ನಿಂತಿದ್ದ.

ಕತ್ತಲಾಗುವ ಹೊತ್ತಿಗೆ ಶೃಂಗೇರಿ. ಮಠದ ವಸತಿಗೃಹದಲ್ಲಿ ಕೋಣೆ ಸಿಕ್ಕಿತು.

ಭಾನುವಾರ: ಶೃಂಗೇರಿ

ಕಾರ್ತಿಕ ಅಮಾವಾಸ್ಯೆ. ಬೆಳಗಿನ ಚಳಿಗೆ ತುಂಗೆಯ ಮೇಲೆ ಹಬೆ ಎದ್ದಿತ್ತು. ಮೆಟ್ಟಿಲ ಮೇಲೆ ಸ್ನಾನ ಮಾಡುವವರು, ತರ್ಪಣ ಬಿಡುವವರು, ಮೀನಿಗೆ ಮಂಡಕ್ಕಿ ಹಾಕುವ ಮಕ್ಕಳು, ಎಲ್ಲ ಒಟ್ಟಿಗೆ.

ಮೊದಲು ವಿದ್ಯಾಶಂಕರ ದೇವಸ್ಥಾನಕ್ಕೆ ಹೋದೆವು. 1338ರದ್ದು ಅನ್ನುತ್ತಾರೆ. ಗುಂಡಗೆ ತಿರುಗುವ ಅದರ ಗೋಡೆ, ಒಳಗೆ ಹನ್ನೆರಡು ರಾಶಿಗಳ ಹನ್ನೆರಡು ಕಂಬ, ಯಾಳಿಯ ಬಾಯಲ್ಲಿ ಉರುಳುವ ಕಲ್ಲಿನ ಗುಂಡು, ಇದನ್ನೆಲ್ಲ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ. ಈ ಗೋಡೆ 1791ರಲ್ಲೂ ಇಲ್ಲೇ ಇತ್ತು. ಕುದುರೆಗಳು ಬಂದಾಗ ಜನ ಈ ಅಂಗಳದಲ್ಲೇ ಓಡಿರಬೇಕು. ಶಾರದೆಯ ಗುಡಿಯ ಬಗ್ಗೆ ಹಾಗೆ ಹೇಳಲಾಗುವುದಿಲ್ಲ. ಈಗಿನ ಕಲ್ಲಿನ ಗುಡಿಗೆ ಕುಂಭಾಭಿಷೇಕ ಆದದ್ದು 1916ರಲ್ಲಿ. ಆಗಿನವರು ನೋಡಿದ ಗುಡಿ ಇದಲ್ಲ.

ದರ್ಶನ ಆದ ಮೇಲೆ ಅಮ್ಮನನ್ನು ಒಂದು ಕಡೆ ಕೂರಿಸಿ ಕಥೆ ಹೇಳಿದೆ.

ಅದೇ 1916ರಲ್ಲಿ ನರಸಿಂಹಾಚಾರ್ ಅವರಿಗೆ ಈ ಮಠದಲ್ಲಿ ಹಳೆಯ ಪತ್ರಗಳ ಕಟ್ಟು ಸಿಕ್ಕಿತು. ಟಿಪ್ಪು ಈ ಮಠದ ಸ್ವಾಮಿಗಳಿಗೆ ಬರೆದ ಪತ್ರಗಳು, 20ಕ್ಕೂ ಹೆಚ್ಚು, ಕನ್ನಡದಲ್ಲಿ. ದಾಳಿಯ ಮೇಲೆ ಸ್ವಾಮಿಗಳು ಶಾರದೆಯನ್ನು ಮತ್ತೆ ಪ್ರತಿಷ್ಠೆ ಮಾಡಲು ನೆರವು ಕೇಳಿ ಬರೆದಿದ್ದರು. ಇಂಥ ಪುಣ್ಯಸ್ಥಳಕ್ಕೆ ಕೇಡು ಮಾಡಿದವರು ಫಲ ಅನುಭವಿಸುತ್ತಾರೆ ಅಂತ ಟಿಪ್ಪು ಉತ್ತರ ಬರೆಸಿದ. ಅದರಲ್ಲಿ ಒಂದು ಸಂಸ್ಕೃತದ ಸಾಲೂ ಇದೆ: "ಹಸದ್ಭಿಃ ಕ್ರಿಯತೇ ಕರ್ಮ ರುದದ್ಭಿರನುಭೂಯತೇ." ನಗುತ್ತಾ ಮಾಡಿದ್ದನ್ನು ಅಳುತ್ತಾ ಉಣ್ಣಬೇಕು ಅಂತ. ಪ್ರತಿಷ್ಠೆಗೆ 200 ರಹತಿ (ಆಗಿನ ನಾಣ್ಯ) ನಗದು, ಬೇರೆ ಸಾಮಾನು ಕೊಡುವಂತೆ ನಗರದ (ಬಿದನೂರಿನ) ಅಸಫನಿಗೆ, ಅಂದರೆ ಅಲ್ಲಿನ ಅಧಿಕಾರಿಗೆ, ಅಪ್ಪಣೆ ಮಾಡಿದ. ಆಮೇಲೆ ಯುದ್ಧದಲ್ಲಿ ತನಗೆ ಒಳ್ಳೆಯದಾಗಲಿ ಅಂತ ಸಹಸ್ರ ಚಂಡೀ ಜಪ ಮಾಡಿಸಲು ಕೇಳಿಕೊಂಡ. ಅದಕ್ಕೆ ಖರ್ಚೂ ಕೊಟ್ಟ.

ಇತ್ತ ದಾಳಿ ಮಾಡಿದ್ದು ಹಿಂದೂ ದೊರೆಗಳ ದಂಡು. ಪೇಶ್ವೆಯವರಿಗೂ ಶೃಂಗೇರಿ ಪೂಜ್ಯ ಜಾಗವೇ.

ಅಮ್ಮ ಕೇಳಿದರು. "ಅದೇ ಟಿಪ್ಪುನಾ?"

"ಹೌದಮ್ಮ, ಅವನೇ."

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಗೆಳತಿ ನನ್ನನ್ನು ಕಣ್ಣಲ್ಲೇ ಗದರಿಸಿದಳು, ಇದನ್ನೆಲ್ಲ ಯಾಕೆ ಹೇಳಿದೆ ಅನ್ನುವ ಹಾಗೆ. ಆಮೇಲೆ ಅಮ್ಮ ಕೇಳಿದ್ದು ಟಿಪ್ಪು ವಿಷಯವನ್ನಲ್ಲ, ಮರಾಠರ ವಿಷಯವನ್ನೂ ಅಲ್ಲ. "ಸತ್ತೋರ ಹೆಸರು ಯಾರಾದ್ರೂ ಬರೆದಿಟ್ಟಿದ್ದಾರಾ?"

ನಾನು ಈ ಪ್ರವಾಸ ಹೊರಟಿದ್ದೇ ಆ ಪ್ರಶ್ನೆಗೆ. ನಾನು ಓದಿದ್ದರಲ್ಲಿ ಒಂದು ಹೆಸರೂ ಸಿಕ್ಕಿಲ್ಲ. ಪತ್ರದಲ್ಲಿ "ಅನೇಕರು" ಎಂದು ಇದೆ, ಅಷ್ಟೇ. ಪಾಠ ಹೇಳುತ್ತಿದ್ದವರಿರಬೇಕು, ಓದಲು ಬಂದ ಹುಡುಗರಿರಬೇಕು, ಅಡುಗೆಯವರು, ನೀರು ಹೊರುವವರು, ಹೂ ಕಟ್ಟುವವರು, ದನ ಕಾಯುವವರು. ಯಾರೂ ಸೈನಿಕರಲ್ಲ. ಕೋಟೆ ಇಲ್ಲ, ಕೊತ್ತಲ ಇಲ್ಲ, ಒಂದು ಹೊಳೆ ದಂಡೆಯ ಊರು.

ಈ ವಿಷಯ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಬರೆದೇಬಿಡುತ್ತೇನೆ. ಶೃಂಗೇರಿಯ ಈ ದಾಳಿಯನ್ನು ಈಗ ಜನ ಎತ್ತುವುದು ಜಗಳಕ್ಕೆ ಮಾತ್ರ. ಒಬ್ಬರು ಟಿಪ್ಪುವನ್ನು ಒಳ್ಳೆಯವನು ಅಂತ ತೋರಿಸಲು ಪತ್ರ ಹಿಡಿದುಕೊಂಡು ಬರುತ್ತಾರೆ. ಇನ್ನೊಬ್ಬರು ಅವನು ಸೋಲುವ ಭಯಕ್ಕೆ ಹಾಗೆ ಬರೆದ ಅಂತ ಕೊಡಗು, ಮೇಲುಕೋಟೆಯಲ್ಲಿ ಅವನ ಕಾಲದಲ್ಲಾದ ಸಾವುಗಳನ್ನು ಎತ್ತುತ್ತಾರೆ. ಎರಡೂ ಕಡೆ ದಾಖಲೆ ಇದೆ, ನೋವಿದೆ. ಆದರೆ ಆ ಗಲಾಟೆಯಲ್ಲಿ ಸತ್ತವರು ಬರೀ ಸಾಕ್ಷಿ ಆಗಿಬಿಡುತ್ತಾರೆ. ಇನ್ನೊಬ್ಬರ ವಾದ ಗೆಲ್ಲಿಸಲು ಮಾತ್ರ ಅವರನ್ನು ಎಬ್ಬಿಸುವುದು, ಗೆದ್ದ ಮೇಲೆ ಮತ್ತೆ ಮಲಗಿಸುವುದು. ಬೆಳಗೊಳದಲ್ಲಿ ತಾವಾಗಿ ಸಾವನ್ನು ಆರಿಸಿಕೊಂಡ ಮುನಿಗೆ ಪದ್ಯ ಇದೆ. ಹಳೇಬೀಡಿನಲ್ಲಿ ರಾಜನಿಗಾಗಿ ಕತ್ತು ಕೊಯ್ದುಕೊಂಡವನಿಗೆ ಕಂಬ ಇದೆ. ಸಾವನ್ನು ಕೇಳಿಯೇ ಇರದ ಇವರಿಗೆ ನಾವು ಏನು ಕೊಟ್ಟಿದ್ದೇವೆ?

ಮಧ್ಯಾಹ್ನ ಮಠದ ಊಟ. ಸಾವಿರಾರು ಜನರಿಗೆ ದಿನಾ ಬಡಿಸುವ ಆ ಶಿಸ್ತನ್ನು ನೋಡಿದರೆ ಈಗಲೂ ಆಶ್ಚರ್ಯ. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಯಾರೂ ನೋಡುವುದಿಲ್ಲ.

ಊಟ ಆದ ಮೇಲೆ ಸೇತುವೆ ದಾಟಿ ನರಸಿಂಹವನಕ್ಕೆ ಹೋದೆವು. ಹಿಂದಿನ ಜಗದ್ಗುರುಗಳ ಅಧಿಷ್ಠಾನಗಳು, ಅಂದರೆ ಸಮಾಧಿ ಗುಡಿಗಳು, ಅಲ್ಲಿವೆ. ತಂಪಾದ ಜಾಗ, ಎತ್ತರದ ಮರಗಳು. ಗುರುಗಳ ನೆನಪನ್ನು ಮಠ ಎಷ್ಟು ಚೆನ್ನಾಗಿ ಕಾಪಾಡಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ದೀಪ, ಹೂವು, ಪೂಜೆ. 1791ರವರ ಕಲ್ಲು ಏನಾದರೂ ಇದೆಯಾ ಅಂತ ನೋಡಿದೆವು. ನಮಗೆ ಕಾಣಲಿಲ್ಲ.

ಸಂಜೆ ಅಮ್ಮ ಮತ್ತೆ ಹೊಳೆಯ ಹತ್ತಿರ ಕರೆದುಕೊಂಡು ಹೋಗು ಅಂದರು. ಬೆಳಿಗ್ಗೆ ತರ್ಪಣ ಬಿಡುತ್ತಿದ್ದ ಹಿರಿಯರೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಅಮ್ಮ ನೇರವಾಗಿ ಹೋಗಿ ಕೇಳಿದರು.

"ಸ್ವಾಮಿ, ಹೆಸರು ಗೋತ್ರ ಗೊತ್ತಿಲ್ಲದೋರಿಗೆ ನೀರು ಬಿಡಬಹುದಾ?"

"ಬಿಡದೆ ಏನು ತಾಯಿ. ತರ್ಪಣದ ಕೊನೇಲಿ ಒಂದು ಇದೆ. ತಾಯಿ, ತಂದೆ, ಬಂಧು ಯಾರೂ ಇಲ್ಲದೋರು, ಅವರಿಗೂ ಈ ದರ್ಭೆಯ ನೀರಿಂದ ತೃಪ್ತಿಯಾಗಲಿ ಅಂತ. ನಾನು ಪ್ರತಿ ಅಮಾವಾಸ್ಯೆ ಬಿಡ್ತೀನಿ. ಯಾರಿಗೆ ಬೇಕಿತ್ತು?"

ಅಮ್ಮ 1791ರ ಕಥೆಯನ್ನು ನನಗಿಂತ ಚೆನ್ನಾಗಿ, ನಾಲ್ಕೇ ಮಾತಲ್ಲಿ ಹೇಳಿದರು. ಅವರು ಕೇಳಿಸಿಕೊಂಡು, "ಸರಿ, ಇನ್ನು ಮೇಲೆ ಅವರನ್ನೂ ಮನಸ್ಸಲ್ಲಿಟ್ಟು ಬಿಡ್ತೀನಿ" ಅಂದರು. ಇದಕ್ಕಿಂತ ದೊಡ್ಡ ಸಹಾಯ ಆ ದಿನ ನಮಗೆ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ.

ಸೋಮವಾರ: ಕೆರೆಕಟ್ಟೆ, ಕಾರ್ಕಳ, ಚಾರ್ಮಾಡಿ

ವಾಪಸ್ಸು ಬಂದ ದಾರಿಯಲ್ಲೇ ಹೋದರೆ ಮಧ್ಯಾಹ್ನಕ್ಕೆ ಹಾಸನ. ಆದರೆ ಸ್ವಾಮಿಗಳು ಹೋದ ಕಾರ್ಕಳ ನೋಡದೆ ಹೋಗುವುದು ಬೇಡ ಅಂತ ಮೂವರೂ ಒಪ್ಪಿದೆವು. ನೆಮ್ಮಾರು, ಕೆರೆಕಟ್ಟೆ ದಾಟಿದರೆ ಕುದುರೆಮುಖದ ಕಾಡು. ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ಚೆಕ್‌ಪೋಸ್ಟ್ ಹತ್ತಿರ ಹೆಸರು ಬರೆಸಿ ಘಟ್ಟ ಇಳಿದೆವು. ತಿರುವು ತಿರುವಿಗೂ ಮಂಜು, ನೀರಿನ ಸದ್ದು, ರಸ್ತೆ ಮೇಲೆ ಸಿಂಗಳೀಕ ಕಾಣುತ್ತದೇನೋ ಅಂತ ಗೆಳತಿ ನಿಧಾನ ಓಡಿಸಿದಳು. ಕಾಣಲಿಲ್ಲ. ಟಾರು ಇಲ್ಲದ ಕಾಲದಲ್ಲಿ ಈ ಘಟ್ಟಗಳನ್ನು ಇಳಿಯುವುದು ಅಂದರೆ ಏನು ಅಂತ ಯೋಚಿಸಿ. ಮಠ ದೋಚಿದೆ, ದೇವಿಯ ವಿಗ್ರಹ ಕಿತ್ತುಹೋಗಿದೆ, ಜೊತೆಯವರ ಹೆಣ ಹಿಂದೆ ಬಿದ್ದಿವೆ. ಆಗ ಸ್ವಾಮಿಗಳು ಕಾರ್ಕಳದಲ್ಲಿ ಕೂತು ಪತ್ರ ಬರೆದರು. ಶಾರದೆಯನ್ನು ಮತ್ತೆ ನಿಲ್ಲಿಸಬೇಕು ಅನ್ನುವುದೊಂದೇ ಅವರ ಕೇಳಿಕೆ. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರಾಗಿ ಕಾಣುವುದು ಅವರು. ಟಿಪ್ಪುವಿನ ಪತ್ರದ ಬಗ್ಗೆ ಮಾತಾಡುವವರು ಮೊದಲು ಹೋದ ಈ ಪತ್ರವನ್ನು ಮರೆಯುತ್ತಾರೆ.

ಕಾರ್ಕಳದಲ್ಲಿ 1432ರ ಗೊಮ್ಮಟನನ್ನು ನೋಡಿ, ಸೆಕೆಗೆ ಎಳನೀರು ಕುಡಿದು, ಚಾರ್ಮಾಡಿ ಹತ್ತಿದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ. ಅಮ್ಮ ಹೊರಗಡೆ ತಿನ್ನುವುದು ಅಪರೂಪ, ಅಲ್ಲಿ ಮಾತ್ರ ಎರಡು ಸಲ ಹಾಕಿಸಿಕೊಂಡರು. ಮೂಡಿಗೆರೆ, ಬೇಲೂರು, ಹಾಸನ.

ಇದನ್ನು ಓದುವವರಲ್ಲಿ ಶೃಂಗೇರಿ, ಕೊಪ್ಪ, ಜಯಪುರದ ಕಡೆಯ ಹಳೇ ಮನೆತನದವರು ಇರಬಹುದು. ನಿಮ್ಮ ಅಜ್ಜ ಅಜ್ಜಿ "ಮರಾಠರ ದಂಡು ಬಂದಾಗ" ಅಂತ ಏನಾದರೂ ಹೇಳುತ್ತಿದ್ದರಾ, ಆ ಕಾಲದಲ್ಲಿ ಮನೆಯವರು ಯಾರಾದರೂ ಹೋದರು ಅನ್ನುವ ಮಾತಿದೆಯಾ, ಶ್ರಾದ್ಧದಲ್ಲಿ ಯಾರ ಹೆಸರಾದರೂ ಸೇರಿಸಿ ಹೇಳುವ ರೂಢಿ ಇದೆಯಾ, ದಯವಿಟ್ಟು ಮನೆಯ ಹಿರಿಯರನ್ನು ಕೇಳಿ. ಒಂದು ಹೆಸರು ಸಿಕ್ಕಿದರೂ ಬರೆದಿಡಿ. ನನಗೂ ತಿಳಿಸಿ, ನಾನು ಬಂದು ಕೇಳಿಸಿಕೊಳ್ಳುತ್ತೇನೆ.